ಉಸಿರು ಕಟ್ಟಿ ಕಲಿತ ವಿದ್ಯೆ

ನಾನು ಈಜು ಕಲಿತದ್ದು ಬ್ಯಾಡರಹಳ್ಳಿಯಲ್ಲಿ, ಸೋದರಮಾವನ ತೋಟದ ಬಾವಿಯಲ್ಲಿ. ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ಮಾವ ಮೆಟ್ಟಿಲ ಮೇಲಿಂದ ನೂಕಿಬಿಟ್ಟಿದ್ದರು. ಮುಂದಿನ ಬೇಸಿಗೆ ರಜೆ ಬರುವಷ್ಟರಲ್ಲಿ ಬುರುಡೆ ಬೇಡವಾಯಿತು. ಅದರ ಮುಂದಿನ ರಜೆಗೆ, ಬಾವಿಗೆ ಬಿದ್ದ ಬಿಂದಿಗೆಯನ್ನು ತಳಕ್ಕೆ ಹೋಗಿ ತರುವಷ್ಟು ಆದೆ. ರಾಜಾಜಿನಗರದ ನಮ್ಮ ಮನೆಯಲ್ಲಿ ಇದು ಯಾರಿಗೂ ಬೇಕಾದ ವಿದ್ಯೆಯಾಗಿರಲಿಲ್ಲ. ಅಪ್ಪ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. ನಾನು ಪಿಯುಸಿ ಮುಗಿಸಿ ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದೆ. ಬೆಳಗ್ಗೆ ನಲ್ಲಿಯಲ್ಲಿ ನೀರು ಬಂದರೆ ಸಾಕು ಅನ್ನುವ ಬೀದಿ ನಮ್ಮದು.

ಎಂಬತ್ತರ ದಶಕ ಶುರುವಾಗಿ ಸ್ವಲ್ಪ ಕಾಲವಾಗಿತ್ತು. ಬಸವೇಶ್ವರನಗರದ ಕಡೆ ಒಂದು ಕ್ಲಬ್ಬಿನವರು ಈಜುಕೊಳ ಕಟ್ಟಿಸಿದರು. ಪಕ್ಕದ ಮನೆ ಆಂಟಿ ಮಗಳನ್ನು ಅಲ್ಲಿಗೆ ಸೇರಿಸಿದ್ದರು. ಒಂದು ದಿನ ಅವರಿಗೆ ಪುರುಸೊತ್ತಿಲ್ಲದೆ ಮಗುವನ್ನು ಕರೆದುಕೊಂಡು ನಾನು ಹೋದೆ. ಆ ಮಗುವಿನ ಓಲೆ ಕಳಚಿ ಆಳದ ಕಡೆ ಬಿತ್ತು. ಅಮ್ಮ ಬಯ್ಯುತ್ತಾಳೆ ಅಂತ ಮಗು ಅಳತೊಡಗಿತು. ನಾನು ದುಪಟ್ಟ ತೆಗೆದಿಟ್ಟು ಚೂಡಿದಾರದಲ್ಲೇ ಧುಮುಕಿ, ತಳವನ್ನೆಲ್ಲ ಅಂಗೈಯಲ್ಲಿ ಸವರಿ, ಓಲೆ ಸಿಕ್ಕ ಮೇಲೆ ಎದ್ದು ಬಂದೆ. ದಂಡೆಯಲ್ಲಿ ಕೋಚ್ ನಿಂತಿದ್ದರು. ಚೂಡಿದಾರದಲ್ಲಿ ಇಳಿದದ್ದಕ್ಕೆ ಬಯ್ಯುತ್ತಾರೆ ಅಂದುಕೊಂಡೆ. ಅವರು, ಎಲ್ಲಿ ಕಲಿತೆ, ಯಾರು ಕಲಿಸಿದರು, ಕಿವಿ ನೋಯಲಿಲ್ಲವಾ ಅಂತ ಕೇಳಿದರು.

ಅವರು ನೌಕಾಪಡೆಯಲ್ಲಿ ಮುಳುಗುಗಾರರಾಗಿದ್ದು ನಿವೃತ್ತರಾದವರು. ಮಹಾಲಕ್ಷ್ಮಿ ಲೇಔಟಿನಲ್ಲಿ ಮನೆ ಮಾಡಿಕೊಂಡಿದ್ದರು. ನಾನು ಅವರನ್ನು ಕೊನೆಯವರೆಗೂ ಸಾರ್ ಅಂತಲೇ ಕರೆದೆ. ದೂರದ ದೇಶಗಳ ತಣ್ಣನೆಯ ಸಮುದ್ರಗಳಲ್ಲಿ ಇಳಿದಿದ್ದ ಅವರಿಗೆ ಒಂದೇ ಹುಚ್ಚು. ಬೆನ್ನಿಗೆ ಸಿಲಿಂಡರ್ ಇಲ್ಲದೆ, ಬರೀ ಒಂದು ಉಸಿರಿನಲ್ಲಿ ಆಳಕ್ಕೆ ಹೋಗಿಬರುವುದನ್ನು ಜನಕ್ಕೆ ಕಲಿಸಬೇಕು, ಅದಕ್ಕೆ ಮೊದಲು ಕಲಿಸುವವರನ್ನು ತಯಾರು ಮಾಡಬೇಕು. ಕ್ಲಬ್ಬಿನ ಕಮಿಟಿ ಹೆಂಗಸರು ಮಕ್ಕಳ ಬ್ಯಾಚಿಗೆ ಒಬ್ಬ ಲೇಡಿ ಇನ್‌ಸ್ಟ್ರಕ್ಟರ್ ಹುಡುಕುತ್ತಿತ್ತು. ನನ್ನ ಹತ್ತಿರ ಕಲಿ, ಕೊನೆಗೆ ಸಮುದ್ರದಲ್ಲಿ ಪರೀಕ್ಷೆ ಮಾಡಿಸುತ್ತೇನೆ, ಪಾಸಾದರೆ ಕೆಲಸ ನಿನ್ನದೇ ಅಂದರು ಸಾರ್. ಕಮಿಟಿಯ ಕಾರ್ಯದರ್ಶಿಯೂ ಹೌದು ಅಂದರು.

ಅಪ್ಪ ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. ಕೆಲಸ ಅನ್ನುವ ಮಾತು ಕೇಳಿ ಅವರು ಒಪ್ಪಿಕೊಂಡರು. ಅಮ್ಮನಿಗೆ ಇದ್ದದ್ದು ಒಂದೇ ಚಿಂತೆ, ಬಿಸಿಲಿಗೆ ಮೈ ಕಪ್ಪಾದರೆ ಗಂಡು ಸಿಗುವುದು ಕಷ್ಟ ಅಂತ.

ನನ್ನ ಜೊತೆ ತರಬೇತಿಗೆ ಇನ್ನೊಬ್ಬನಿದ್ದ. ವಿಜಯನಗರದ ಹುಡುಗ, ಕಾಲೇಜಿಗಾಗಿ ಈಜಿ ಕಪ್ ಗೆದ್ದವನು. ನೀರಿನ ಮೇಲೆ ಅವನ ವೇಗಕ್ಕೆ ನಾನು ಸಾಟಿಯಲ್ಲ. ಆಳದಲ್ಲಿ ಮಾತ್ರ ಅವನು ಒದ್ದಾಡುತ್ತಿದ್ದ. ಸಾರ್ ನಮ್ಮಿಬ್ಬರನ್ನು ಮಾಗಡಿ ರಸ್ತೆಯಾಚೆಯ ಒಂದು ಹಳೇ ಕ್ವಾರಿಗೆ ಕರೆದೊಯ್ಯುತ್ತಿದ್ದರು. ಕಲ್ಲು ಒಡೆದು ಒಡೆದು ಬಿಟ್ಟುಹೋದ ಹೊಂಡ. ಮಳೆನೀರು, ಊಟೆನೀರು ತುಂಬಿ ಕಪ್ಪಗಿರುತ್ತಿತ್ತು. ಚಳಿಗಾಲದ ಬೆಳಗ್ಗೆಗಳನ್ನೇ ಅವರು ಬೇಕೆಂದು ಆರಿಸಿದ್ದರು. ತಣ್ಣೀರಿನಲ್ಲಿ ಕಲಿತವರು ಎಲ್ಲಿ ಬೇಕಾದರೂ ಕಲಿಸಬಹುದು ಅನ್ನುವುದು ಅವರ ನಂಬಿಕೆ.

ಆ ನೀರಿನ ಚಳಿ ಈಗಲೂ ನನ್ನ ಮೂಳೆಗೆ ನೆನಪಿದೆ. ಮೇಲೆ ಸ್ವಲ್ಪ ಹದವಾಗಿರುತ್ತಿತ್ತು. ಹಗ್ಗ ಹಿಡಿದು ಇಳಿಯುತ್ತ ಹೋದರೆ ಒಂದು ಕಡೆ ಥಟ್ಟನೆ ಬದಲಾಗುತ್ತಿತ್ತು, ಬಾಗಿಲು ದಾಟಿ ಬೇರೆ ಮನೆಯೊಳಗೆ ಹೋದ ಹಾಗೆ. ಹಣೆ ಸಿಡಿಯುತ್ತಿತ್ತು. ತುಟಿ ಎಲ್ಲಿದೆಯೋ ತಿಳಿಯುತ್ತಿರಲಿಲ್ಲ. ನಡುಗಿದರೆ ಉಸಿರು ಬೇಗ ಖರ್ಚಾಗುತ್ತದೆ, ಚಳಿಯ ಜೊತೆ ಜಗಳ ಆಡಬೇಡಿ, ಅದು ಮೈಮೇಲೆ ಬಂದು ಕೂತರೆ ಕೂರಲಿ ಅನ್ನುತ್ತಿದ್ದರು ಸಾರ್. ಮೂಗು ಹಿಡಿದು ಕಿವಿ ಬಿಡಿಸಿಕೊಳ್ಳುವುದು, ಇಳಿಯುವ ಮುಂಚೆ ಗಾಬರಿಯಿಂದ ಜೋರು ಜೋರಾಗಿ ಉಸಿರೆಳೆಯದಿರುವುದು, ಉಸಿರು ಬೇಕು ಅಂತ ಹೊಟ್ಟೆ ತಾನಾಗಿ ಎಳೆಯತೊಡಗಿದಾಗ ಅದನ್ನು ಸುಮ್ಮನೆ ನೋಡುವುದು, ಎಲ್ಲ ಕಲಿಸಿದರು.

ನಿಜವಾದ ಪಾಠ ಅದಲ್ಲ. ಒಬ್ಬರು ಇಳಿದಾಗ ಇನ್ನೊಬ್ಬರು ಮೇಲಿಂದ ಕಣ್ಣು ತೆಗೆಯಬಾರದು. ಅವರು ಏಳುವಾಗ ಅರ್ಧ ದಾರಿಗೆ ಇಳಿದು ಎದುರುಗೊಳ್ಳಬೇಕು. ಮೇಲೆ ಬಂದ ಮೇಲೂ ಅವರು ನೆಟ್ಟಗೆ ಮಾತಾಡುವ ತನಕ ಮುಖ ನೋಡುತ್ತಿರಬೇಕು, ಯಾಕೆಂದರೆ ಗೆದ್ದೆ ಅಂದುಕೊಂಡ ಹೊತ್ತಿನಲ್ಲೇ ಪ್ರಜ್ಞೆ ತಪ್ಪುತ್ತದೆ.

"ನಿನ್ನ ಉಸಿರು ಹಿಡ್ಕೊಳೋದು ದೊಡ್ಡ ವಿಷ್ಯ ಅಲ್ಲಮ್ಮ. ಇನ್ನೊಬ್ರ ಉಸಿರು ಕಾಯೋದು ಬಂದ್ರೆ ಆಗ ನೀನು ಟೀಚರ್ರು," ಅಂದರು ಒಮ್ಮೆ.

ಆ ಮಾತನ್ನು ನಾನು ದೇವರ ಮಾತಿನಂತೆ ಇಟ್ಟುಕೊಂಡೆ. ಅಂಥ ಮಾತು ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಒಂದು ಸಲ ಆ ಹುಡುಗ ಮೇಲಕ್ಕೆ ಬಂದವನು ನಕ್ಕು, ಹಾಗೇ ಕಣ್ಣು ಮೇಲೆ ಮಾಡಿ ಮತ್ತೆ ಜಾರಿದ. ನಾನು ಗದ್ದ ಹಿಡಿದು ಎತ್ತಿ, ಕೆನ್ನೆ ತಟ್ಟಿ, ಬಂಡೆಗೆ ಎಳೆದುಕೊಂಡು ಬಂದೆ. ಅವನಿಗೆ ಏನಾಯಿತು ಅಂತಲೇ ಗೊತ್ತಾಗಲಿಲ್ಲ. ಸಾರ್ ನನ್ನ ತಲೆ ಮೇಲೆ ಕೈಯಿಟ್ಟರು.

ಪರೀಕ್ಷೆಗೆ ಹೊರಡುವ ಮುಂಚಿನ ತಿಂಗಳು ಒಬ್ಬ ಪೊಲೀಸಿನವರು ಕೊಳದ ಹತ್ತಿರ ಸಾರನ್ನು ಹುಡುಕಿಕೊಂಡು ಬಂದರು. ಕೆಂಗೇರಿ ಕಡೆ ಒಂದು ಕ್ವಾರಿಯಲ್ಲಿ ಬಟ್ಟೆ ಒಗೆಯಲು ಹೋದ ಹೆಂಗಸು ಬಿದ್ದು ಹೋಗಿದ್ದಳು. ಹಿಂದಿನ ದಿನದಿಂದ ಪಾತಾಳಗರಡಿ ಹಾಕಿ ಹುಡುಕುತ್ತಿದ್ದರು, ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಗಳ ಗೊಂಚಲು ಅದು. ಏನೂ ಸಿಕ್ಕಿರಲಿಲ್ಲ. ಸಾರ್ ನಮ್ಮಿಬ್ಬರನ್ನೂ ಜೀಪು ಹತ್ತಿಸಿದರು. ಯಾಕೆ ಹೋಗುತ್ತಿದ್ದೇವೆ ಅಂತ ದಾರಿಯಲ್ಲಿ ಹೇಳಿದರು.

ಹೊಂಡದ ಸುತ್ತ ಜನ ಜಾತ್ರೆಯ ಹಾಗೆ ಸೇರಿದ್ದರು. ಸತ್ತವಳ ತಾಯಿ ಬಂಡೆಯ ಮೇಲೆ ಕೂತು, ಹಗ್ಗ ಹಿಡಿದಿದ್ದವನ ಕಾಲು ಹಿಡಿದುಕೊಂಡಿದ್ದಳು. ಮಗಳ ಮೈಗೆ ಕೊಕ್ಕೆ ಹಾಕಬೇಡಿ ಅನ್ನುತ್ತಿದ್ದಳು, ಅದನ್ನೇ ಮತ್ತೆ ಮತ್ತೆ. ಸಾರಿಗೆ ಆಗಲೇ ಎದೆ ಸರಿಯಿರಲಿಲ್ಲ, ಅವರು ಇಳಿಯುವ ಹಾಗಿರಲಿಲ್ಲ. ವಿಜಯನಗರದ ಹುಡುಗ ಮೊದಲು ಇಳಿದ. ಎದ್ದು ಬಂದು ಬಂಡೆ ಹಿಡಿದು ಕೂತ. ಕೆಳಗೆ ಏನೋ ಬಟ್ಟೆ ಕೈಗೆ ತಾಗಿತು, ಇನ್ನೊಂದು ಸಲ ನನ್ನಿಂದ ಆಗಲ್ಲ ಸಾರ್ ಅಂದ. ಅದಕ್ಕೆ ನಾನು ಅವನನ್ನು ಯಾವತ್ತೂ ದೂರಿಲ್ಲ.

ಸಾರ್ ನನ್ನ ಕಡೆ ನೋಡಿದರು. ನಾನು ಹಗ್ಗದ ತುದಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಕೈಯಿಂದಲೇ ನೋಡಿದೆ. ಅವಳ ಸೀರೆಯ ಸೆರಗು ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡಿತ್ತು. ಮೊದಲನೇ ಸಲ ಬಿಡಿಸಲು ಆಗಲಿಲ್ಲ, ಮೇಲೆ ಬಂದೆ. ಎರಡನೇ ಸಲ ಬಿಡಿಸಿ, ಅವಳ ಸೊಂಟ ತಬ್ಬಿ, ಹಗ್ಗ ಜಗ್ಗಿದೆ. ಅವಳ ಬಳೆಗಳು ನನ್ನ ಕೊರಳಿಗೆ ಒತ್ತುತ್ತಿದ್ದವು. ಮೇಲೆ ಬಂದಾಗ ಗಂಡಸರು ಇಸಿದುಕೊಂಡರು. ತಾಯಿ ಮಗಳ ಸೆರಗು ಸರಿಮಾಡಿದಳು. ಆಮೇಲೆ ನನ್ನ ಒದ್ದೆ ಕೈ ಹಿಡಿದು ಕೇಳಿದಳು:

"ಯಾರ ಮನೆ ಮಗಳವ್ವ ನೀನು?"

ನನಗೆ ಹಲ್ಲು ಕಟಕಟ ಅನ್ನುತ್ತಿತ್ತು. ಬಂಡೆಯಿಂದ ಇಳಿದು ಬರುವಾಗ ಜನ ದಾರಿ ಬಿಟ್ಟರು. ಗೌರವಕ್ಕೆ ಅಂದುಕೊಂಡೆ. ಒಬ್ಬ ಹೆಂಗಸು ತನ್ನ ಮಗುವನ್ನು ಸೆರಗಿನೊಳಗೆ ಎಳೆದುಕೊಂಡಾಗ ಬೇರೆ ಅರ್ಥ ತಿಳಿಯಿತು. ನಮ್ಮನ್ನು ಕರೆತಂದ ಜೀಪಿನಲ್ಲಿ ಈಗ ಜಾಗವಿಲ್ಲ ಅಂದರು. ಮೈಸೂರು ರಸ್ತೆಯಲ್ಲಿ ಬಸ್ಸಿಗೆ ಕಾದೆವು.

ಮನೆಗೆ ಬಂದರೆ ಅಮ್ಮ ಹಿತ್ತಲಿಂದ ಒಳಗೆ ಬಾ ಅಂದಳು. ಬಟ್ಟೆ ಬಚ್ಚಲೊಲೆಗೆ ಹಾಕಿದಳು. ತಲೆ ಮೇಲೆ ನೀರು ಹೊಯ್ಯುತ್ತ ಅಳುತ್ತಿದ್ದಳು. ಮಾರನೇ ಬೆಳಗ್ಗೆ ಹಾಲಿನ ಬೂತಿನ ಕ್ಯೂನಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಮಗಳ ಓಲೆ ತಂದುಕೊಟ್ಟಿದ್ದಕ್ಕೆ ಬೀದಿಯೆಲ್ಲ ಹೊಗಳಿದ್ದ ಆಂಟಿ ಅವತ್ತಿನಿಂದ ಕಾಂಪೌಂಡಿನ ಆಚೆಯಿಂದಲೇ ಮಾತಾಡಿಸತೊಡಗಿದರು.

ಹದಿನೈದು ದಿನಕ್ಕೆಲ್ಲ ಕೆಂಗೇರಿಯಿಂದ ಆ ತಾಯಿ ನಮ್ಮ ಮನೆ ಹುಡುಕಿಕೊಂಡು ಬಂದಿದ್ದಳಂತೆ, ಎಲೆ ಅಡಿಕೆ ಮೇಲೆ ರವಿಕೆ ಕಣ ಇಟ್ಟುಕೊಂಡು. ನಾನು ಟೈಪಿಂಗಿಗೆ ಹೋಗಿದ್ದೆ. ಸೂತಕದ ಮನೆಯವಳು ಅಂತ ಅಮ್ಮ ಗೇಟಿನಿಂದಲೇ ಕಳಿಸಿಬಿಟ್ಟಿದ್ದಳು. ತಿಂಗಳುಗಳಾದ ಮೇಲೆ, ಬೇರೆ ಏನೋ ಜಗಳದ ನಡುವೆ, ಬಾಯಿ ತಪ್ಪಿ ಹೇಳಿದಳು. ಅಷ್ಟು ದೂರ ಬಸ್ಸು ಬದಲಾಯಿಸಿಕೊಂಡು ಬಂದವಳಿಗೆ ನೀರಾದರೂ ಕೊಟ್ಟೆಯಾ ಅಂತ ಕೇಳಿದೆ. ಅಮ್ಮ ಅಡುಗೆಮನೆಗೆ ಹೋದಳು.

ಇಷ್ಟಾದರೂ ಪರೀಕ್ಷೆಗೆ ಹೋದೆ. ಪಾಸಾದರೆ ಕೆಲಸ ಖಾಯಂ, ಆಮೇಲೆ ಜನ ತಾವಾಗಿ ಮರೆಯುತ್ತಾರೆ ಅಂತ ಸಾರ್ ಅಪ್ಪನನ್ನು ಒಪ್ಪಿಸಿದರು. ಸಾರ್, ಅವರ ಹೆಂಡತಿ, ಆ ಹುಡುಗ, ನಾನು, ನಾಲ್ವರೂ ಬಸ್ಸಿನಲ್ಲಿ ಕರಾವಳಿಗೆ ಹೋದೆವು. ಸಾರಿನ ಹಳೇ ಸ್ನೇಹಿತರು ಪರೀಕ್ಷಕರು. ಸಮುದ್ರ ಅಂದರೆ ಚಳಿ ಅಂದುಕೊಂಡು ಮೈ ಗಟ್ಟಿಮಾಡಿಕೊಂಡು ದೋಣಿಯಿಂದ ಇಳಿದೆ. ನೀರು ಬೆಚ್ಚಗಿತ್ತು. ನಮ್ಮ ಕ್ವಾರಿಯ ಮುಂದೆ ಅದು ಏನೂ ಅಲ್ಲ. ನಾನು ಇಳಿದೆ, ಎದ್ದೆ, ಮುಳುಗಿದವನಂತೆ ನಟಿಸಿದ ಒಬ್ಬನನ್ನು ತಂದೆ, ಅಲ್ಲೇ ಸಿಕ್ಕ ಬೆಸ್ತರ ಹೆಣ್ಣುಮಕ್ಕಳಿಗೆ ಪಾಠ ಮಾಡಿ ತೋರಿಸಿದೆ. ಇಬ್ಬರೂ ಪಾಸಾದೆವು. ಈ ಹುಡುಗಿ ನಿಮ್ಮ ಹುಡುಗನಿಗಿಂತ ಚೆನ್ನಾಗಿ ಕಲಿಸುತ್ತಾಳೆ ಅಂತ ಪರೀಕ್ಷಕರು ಸಾರಿಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ವಾಪಸು ಬರುವಾಗ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ, ಅಷ್ಟು ಸಂತೋಷ.

ಕಮಿಟಿ ಸೇರಿತು. ನನ್ನನ್ನೂ ಕರೆಸಿದ್ದರು. ಕಾರ್ಯದರ್ಶಿ ತುಂಬಾ ಮರ್ಯಾದೆಯಿಂದ ಮಾತಾಡಿದರು. ನಿಮ್ಮ ಧೈರ್ಯ ದೊಡ್ಡದು, ಆದರೆ ತಾಯಂದಿರು ಹಿಂಜರಿಯುತ್ತಿದ್ದಾರೆ, ಹೆಣ ಮುಟ್ಟಿದ ಕೈ ಮಕ್ಕಳನ್ನು ನೀರಿಗೆ ಇಳಿಸುವುದು ಅವರಿಗೆ ಸರಿಬರುತ್ತಿಲ್ಲ, ಸ್ವಲ್ಪ ದಿನ ಹೋಗಲಿ ಅಂದರು. ಹೆಂಗಸರ ಬ್ಯಾಚನ್ನು ಸದ್ಯಕ್ಕೆ ಆ ಹುಡುಗನೇ ನೋಡಿಕೊಳ್ಳಲಿ ಅಂತ ತೀರ್ಮಾನವಾಯಿತು. ಅವನೂ ಅದೇ ನೀರಿಗೆ ಇಳಿದಿದ್ದ, ಅವನ ಕೈಗೂ ಆ ಸೀರೆ ತಾಗಿತ್ತು. ಅದನ್ನು ಯಾರೂ ಎತ್ತಲಿಲ್ಲ. ಅವನು ನೆಲ ನೋಡುತ್ತಿದ್ದ. ಸಾರ್ ಕಾಫಿ ಕುಡಿಯುತ್ತಿದ್ದರು. ಅವರು ಲೋಟ ಕೆಳಗಿಡುತ್ತಾರೆ, ಏನಾದರೂ ಹೇಳುತ್ತಾರೆ ಅಂತ ಕಾದೆ. ಅವರು ಪೂರ್ತಿ ಕುಡಿದರು.

ಹೊರಗೆ ಅವರ ಸ್ಕೂಟರ್ ಹತ್ತಿರ ನಿಂತು ಕೇಳಿದೆ. "ನೀವು ಯಾಕೆ ಸಾರ್ ಒಂದು ಮಾತೂ ಆಡ್ಲಿಲ್ಲ? ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗಿದ್ದು ನೀವು."

ಅವರು ಕೀಲಿಕೈ ತಿರುಗಿಸಿದರು. "ನನಗೂ ಆ ಕೊಳ ಬೇಕಲ್ಲಮ್ಮ," ಅಂದರು.

ಸುಳ್ಳು ಹೇಳಿದ್ದರೆ ಪರವಾಗಿರಲಿಲ್ಲ ಅಂತ ಎಷ್ಟೋ ಸಲ ಅನ್ನಿಸಿದೆ.

ಪೊಲೀಸಿನವರಿಗೆ ಮಾತ್ರ ನನ್ನ ಕೈ ಸರಿಬರುತ್ತಿತ್ತು. ಮುಂದಿನ ಮಳೆಗಾಲದಲ್ಲಿ ಇನ್ನೊಂದು ಹೆಣ ಎತ್ತಬೇಕು ಅಂತ ನಮ್ಮ ಮನೆಗೇ ಬಂದರು. ವಿಳಾಸ ಕೊಟ್ಟವರು ಸಾರ್. ಹೋದೆ, ಯಾಕೆಂದರೆ ಅಲ್ಲಿಯೂ ಒಬ್ಬ ತಾಯಿ ಕೂತಿರುತ್ತಾಳೆ ಅನ್ನುವುದು ತಲೆಯಿಂದ ಹೋಗಲಿಲ್ಲ. ಅದಾದ ಮೇಲೆ ನನ್ನನ್ನು ನೋಡಲು ಬಂದಿದ್ದ ತುಮಕೂರಿನ ಕಡೆಯವರು ಒಪ್ಪಿದ್ದ ಸಂಬಂಧ ಬೇಡ ಅಂದರು. ಮೂರನೇ ಸಲ ಪೊಲೀಸಿನವರು ಬಂದಾಗ ಅಪ್ಪ ಬಾಗಿಲಲ್ಲೇ ನಿಂತು, ಅವಳು ಊರಲ್ಲಿಲ್ಲ ಅಂದುಬಿಟ್ಟರು. ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ. ಎದ್ದು ಬರಲಿಲ್ಲ.

ಮಾವ ತೋಟ ಸೈಟು ಮಾಡಿ ಮಾರಿದರು, ಬಾವಿ ಮುಚ್ಚಿತು. ನನಗೆ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಕೆಲಸ ಸಿಕ್ಕಿತು, ರೇಡಿಯೋ ಬಿಡಿಭಾಗಗಳಿಗೆ ವೈರು ಬೆಸೆಯುವ ಕೆಲಸ. ದಶಕ ಮುಗಿಯುತ್ತ ಬಂದಿತ್ತು. ಒಂದು ದಿನ ಪಾಳಿಗೆ ಮುಂಚೆ ಬಸ್ ಸ್ಟಾಪಿನಲ್ಲಿ ವಿಜಯನಗರದ ಹುಡುಗ ಸಿಕ್ಕ. ದಪ್ಪಗಾಗಿದ್ದ, ಇನ್ನೂ ಅದೇ ಕೊಳದಲ್ಲಿದ್ದ. ಆಳಕ್ಕೆ ಇಳಿಸುವ ಕ್ಲಾಸು ಯಾವತ್ತೋ ನಿಂತಿತ್ತಂತೆ, ಈಗ ಬರೀ ಮಕ್ಕಳಿಗೆ ಕೈಕಾಲು ಆಡಿಸುವುದು. ಸಾರಿಗೆ ತೀರಾ ಹುಷಾರಿಲ್ಲ, ನಿಮ್ಮನ್ನ ಕೇಳ್ತಿರ್ತಾರೆ, ಒಂದ್ಸಲ ಹೋಗಿ ಬನ್ನಿ ಅಂದ. ಅವನು ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ಹೋಗಬಾರದು ಅಂದುಕೊಂಡೇ ಹೋದೆ. ಮಹಾಲಕ್ಷ್ಮಿ ಲೇಔಟಿನ ಮನೆಯ ಮುಂದಿನ ಕೋಣೆಯಲ್ಲಿ ಸಾರ್ ಮಂಚಕ್ಕೆ ದಿಂಬು ಒರಗಿಸಿಕೊಂಡು ಕೂತಿದ್ದರು. ಒಂದು ವಾಕ್ಯ ಮುಗಿಸುವಷ್ಟು ಉಸಿರು ಅವರಲ್ಲಿರಲಿಲ್ಲ. ಅವರ ಎದೆ ಏರಿಳಿಯುವುದನ್ನೇ ನೋಡುತ್ತ ಕೂತೆ. ಅವರ ಹೆಂಡತಿ ಕಾಫಿ ಕೊಟ್ಟರು. ನನಗೆ ಏನು ಬೇಕಿತ್ತೋ ನಿಜವಾಗಿ ಗೊತ್ತಿಲ್ಲ. ತಪ್ಪಾಯಿತು ಅಂತ ಅವರು ಹೇಳಲಿ ಅಂತಿತ್ತೋ ಏನೋ.

"ಈಗ... ನೀರಿಗೆ ಇಳೀತೀಯಾ?" ಅಂದರು.

"ಇಲ್ಲ ಸಾರ್."

"ಒಳ್ಳೇದಾಯ್ತು ಬಿಡು," ಅಂದರು. ತಡೆದು, ಸುಧಾರಿಸಿಕೊಂಡು, "ಹೆಣ್ಮಕ್ಕಳಿಗೆ... ಯಾಕೆ ಬೇಕು ಅದೆಲ್ಲ," ಅಂದರು.

ಅವರು ಸಮಾಧಾನಕ್ಕೆ ಹೇಳಿದ್ದು. ಮುಖದಲ್ಲಿ ಪ್ರೀತಿಯೇ ಇತ್ತು. ಇನ್ನೊಬ್ಬರ ಉಸಿರು ಕಾಯುವುದು ಬಂದರೆ ನೀನು ಟೀಚರ್ ಅಂದಿದ್ದವರೂ ಇವರೇ. ಅವರ ಹೆಂಡತಿ ಕೊಟ್ಟ ಕುಂಕುಮ ಇಟ್ಟುಕೊಂಡು, ಬರ್ತೀನಿ ಸಾರ್ ಅಂದು ಹೊರಗೆ ಬಂದೆ. ಮಧ್ಯಾಹ್ನದ ಪಾಳಿಗೆ ಹೊತ್ತಾಗುತ್ತಿತ್ತು. ಬಸ್ಸಿಗೆ ಕಾಯದೆ ಎಸ್ಟೇಟಿನ ಕಡೆ ನಡೆದುಕೊಂಡೇ ಹೋದೆ.