ರಿಲೀವ್ ಮಾಡಿದ ಅಕ್ಕ

ಅಕ್ಕನ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು. ಜಿಗಣಿಯ ನಮ್ಮ ಫ್ಯಾಕ್ಟರಿಯಲ್ಲಿ ಡಬ್ಬಿ ಮುಚ್ಚಳಗಳಿಗೆ ರಬ್ಬರ್ ರಿಂಗ್ ಒತ್ತಿ ಒತ್ತಿ ಹಾಗಾಗಿತ್ತು. ಅಲ್ಲಿ ಎಲ್ಲರಿಗಿಂತ ಹಳಬಳು, ಎಲ್ಲರಿಗೂ ಅಕ್ಕ. ಯಾರಿಗಾದರೂ ಅರ್ಜೆಂಟಿದ್ದರೆ ಹಿಂದಿನಿಂದ ಬಂದು ಅದೇ ಕೈಯಲ್ಲಿ ಭುಜ ತಟ್ಟಿದಳೆಂದರೆ ನಾವು ಏಳಬೇಕು, ಆ ಜಾಗದಲ್ಲಿ ಅವಳು ಕೂರುತ್ತಿದ್ದಳು.

ನಾನು ಕೊಪ್ಪಳದ ಕಡೆಯಿಂದ ಬಂದು ಸೇರಿದ ಹೊಸತು. ಮನೆಯವರಿಗೆ ಆಗ ಕೆಲಸವಿರಲಿಲ್ಲ. ನನ್ನ ದುಡಿಮೆಯಲ್ಲೇ ಒಲೆ ಉರಿಯಬೇಕು. ಮೊಲೆಹಾಲಿನ ಮಗಳನ್ನು ಫ್ಯಾಕ್ಟರಿ ಹಿಂದಿನ ಬಾಡಿಗೆ ರೂಮಿನಲ್ಲಿ ಅತ್ತೆಯ ಬಳಿ ಬಿಟ್ಟು ಬರುತ್ತಿದ್ದೆ. ಮುಚ್ಚಳಗಳ ಲೈನ್ ಓಡುವಾಗ ಬದಲಿ ಇಲ್ಲದೆ ಜಾಗ ಬಿಟ್ಟೇಳುವಂತಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಾಲು ಸುರಿದು ರವಿಕೆ ಒದ್ದೆಯಾಗುತ್ತಿತ್ತು. ಅದು ಅಕ್ಕನ ಕಣ್ಣಿಗೆ ಬಿತ್ತು.

"ನಾಳೆಯಿಂದ ನಿನ್ನ ನಾನು ರಿಲೀವ್ ಮಾಡ್ತೀನಿ" ಅಂದಳು.

ಪಕ್ಕದ ರೂಮಿನವನನ್ನು ಅವನ ಕಂಪನಿ ರಿಲೀವ್ ಮಾಡಿ ಮನೆಗೆ ಕಳಿಸಿ ವಾರವೂ ಆಗಿರಲಿಲ್ಲ. "ಯಕ್ಕಾ, ಕೆಲಸದಿಂದ ತಗೀಬ್ಯಾಡ್ರಿ. ನಾ ಏನ್ ತಪ್ಪು ಮಾಡೀನ್ರಿ?" ಅಂತ ಅಲ್ಲೇ ಅತ್ತುಬಿಟ್ಟೆ.

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಪೆದ್ದಿ, ತೆಗೆಯೋಕೆ ನಾನೇನು ಓನರಾ? ನಿನ್ ಜಾಗ್ದಲ್ಲಿ ನಾ ಕುಂತ್ಕತೀನಿ, ನೀ ಓಗಿ ಮಗೀಗೆ ಆಲು ಕೊಟ್ಟು ಬಾ ಅಂತ ಕಣೇ." ಸೂಪರ್‌ವೈಸರ್ ಗೊಣಗಿದ್ದಕ್ಕೆ, "ನನ್ ಟೀ ಟೈಮಲ್ಲಿ ಕೂರ್ತೀನಿ ಸಾರ್. ಟೀ ಎಲ್ಲೋಯ್ತದೆ?" ಅಂದಳು. ಮಗಳು ಹಾಲು ಬಿಡುವವರೆಗೂ ಅಕ್ಕ ಮಧ್ಯಾಹ್ನದ ಟೀ ಕುಡಿಯಲಿಲ್ಲ. ಹಾಗಂತ ಬೈಗುಳಕ್ಕೇನೂ ಕಮ್ಮಿಯಿರಲಿಲ್ಲ. ನಾನು ತಡವಾಗಿ ಬಂದರೆ, "ಏನೇ, ಮಗೀಗೆ ಮದ್ವೆ ಮಾಡಿ ಬಂದ್ಯಾ?" ಅನ್ನುವಳು. ನನ್ನ ಕೆಲಸ ಉಳಿದದ್ದು, ಮಗಳು ದುಂಡಗೆ ಬೆಳೆದದ್ದು ಅವಳಿಂದ.

ಹೋದ ವರ್ಷ ಅದೇ ಮಗಳು, ಈಗ ಹೈಸ್ಕೂಲು, ಡಿಕ್ಷನರಿ ನೋಡಿ ಹೇಳಿದಳು: ರಿಲೀವ್ ಲ್ಯಾಟಿನ್ನಿನಿಂದ ಬಂದದ್ದಂತೆ, ಮೂಲದಲ್ಲಿ ಮೇಲೆತ್ತುವುದು, ಹಗುರ ಮಾಡುವುದು ಅಂತ ಅರ್ಥವಂತೆ. ನೋವು ಇಳಿಸಿದರೂ ರಿಲೀವ್, ಕಾವಲುಗಾರನ ಜಾಗಕ್ಕೆ ಇನ್ನೊಬ್ಬ ಬಂದರೂ ರಿಲೀವ್. ಹೊಟ್ಟೆ ಮೇಲೆ ಹೊಡೆದು ಕಳಿಸುವುದಕ್ಕೂ ಅದೇ ಮಾತು ಬಳಸುವ ಕಂಪನಿಗಳಿಗೆ ನಾಚಿಕೆಯಾಗಬೇಕು. ಅಕ್ಕನಿಗೆ ಇದನ್ನೆಲ್ಲ ಹೇಳಿದೆ.

"ಅಂಗಾ? ನಾನೇನ್ ಎತ್ತಿದ್ನೇ, ಸುಮ್ನೆ ಕುಂತಿದ್ದೆ ಅಷ್ಟೆ" ಅಂದಳು.

ಈ ಬೇಸಿಗೆಯಲ್ಲಿ ಅಕ್ಕ ತೀರಿಕೊಂಡಳು. ನಾನು ಹೋದಾಗ ಅವಳ ಸೊಸೆ ತಲೆದೆಸೆಯಲ್ಲಿ ಕೂತಿದ್ದಳು. ಬೆಳಗಿನಿಂದ ಎದ್ದಿರಲಿಲ್ಲವಂತೆ. ಒಳಗೆ ಅವಳ ಕೂಸು ಅಳುತ್ತಿತ್ತು. ಅತ್ತೆಯ ತಲೆದೆಸೆ ಬಿಟ್ಟು ಜನರೆದುರು ಹೇಗೆ ಏಳುವುದೆಂದು ಅವಳು ಒದ್ದೆಯಾದ ರವಿಕೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು. ನಾನು ಹಿಂದಿನಿಂದ ಹೋಗಿ ಭುಜ ತಟ್ಟಿದೆ.

"ಏಳಮ್ಮ. ನಾನು ಕೂತಿರ್ತೀನಿ."