ಗಾಜಿನ ಹಿಂದಿನ ಖಲಾಸಿ

ಭಾಗವ್ವನ ಗಂಡನ ಹೆಸರನ್ನು ಅವಳಿಗಿಂತ ಹೆಚ್ಚು ಸಲ ಹೇಳಿದವಳು ನಾನು. ಗಂಡನ ಹೆಸರೆತ್ತಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದ ಹೆಂಗಸು ಅವಳು. ರೇಷನ್ ಆಫೀಸಿನಲ್ಲಾಗಲಿ, ಬ್ಯಾಂಕಿನಲ್ಲಾಗಲಿ, ಯಾರಾದರೂ ಕೇಳಿದರೆ ನನ್ನನ್ನು ಮುಂದೆ ತಳ್ಳುತ್ತಿದ್ದಳು: "ನೀ ಹೇಳವಾ, ರುಕ್ಮಿಣಿ." ಮುಂಬಯಿಯ ಭಾಂಡುಪ್‌ನ ಚಾಳಿನಲ್ಲಿ ನಮ್ಮದು ಅಕ್ಕಪಕ್ಕದ ಖೋಲಿ. ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ?

ಅವನು ಗಾರೆ ಕೆಲಸದವನು. ಒಂಬತ್ತು ವರ್ಷದ ಹಿಂದೆ ಸಮುದ್ರದಲ್ಲಿ ದೋಣಿ ನಿಲ್ಲುವ ಜೆಟ್ಟಿ ಕಟ್ಟುವ ಕೆಲಸಕ್ಕೆ ಹೋಗುವಾಗ ಕೂಲಿಗಳ ದೋಣಿ ಮಗುಚಿತು. ಶವ ಸಿಗಲಿಲ್ಲ. ಭಾಗವ್ವ ಬಳೆ ಒಡೆದುಕೊಂಡಳು, ಕುಂಕುಮ ಅಳಿಸಿದಳು, ಇಟ್ಟಿಗೆ ಹೊತ್ತು ಮಗಳನ್ನು ಓದಿಸಿದಳು. ಆಗಲೂ ಹೆಸರು ಮಾತ್ರ ಹೇಳಲಿಲ್ಲ. "ಸತ್ತವಗ ಇನ್ನೆಲ್ಲೀ ಆಯುಷ್ಯ, ಹುಚ್ಚಿ!" ಎಂದು ನಾನು ರೇಗುತ್ತಿದ್ದೆ.

ಈ ವರ್ಷ ಬಂದರಿನ ಹತ್ತಿರ ಹೊಸದಾಗಿ ತೆರೆದ ಹಡಗು ಮ್ಯೂಸಿಯಂನಲ್ಲಿ ನಮ್ಮಿಬ್ಬರಿಗೂ ಕಸ ಗುಡಿಸುವ ಕೆಲಸ ಸಿಕ್ಕಿತು. ಬ್ರಿಟಿಷರ ಕಾಲದ ಗೋದಾಮು ಅದು. ಬಿರುಕು ಮುಚ್ಚಿ, ಸುಣ್ಣದ ಗಾರೆ ಹಚ್ಚಿ, ಮದುಮಗನ ಹಾಗೆ ಸಿಂಗರಿಸಿದ್ದರು. ಮೊದಲ ದಿನವೇ ಗಾಜು ಒರೆಸುತ್ತಿದ್ದ ಭಾಗವ್ವನ ಕೈ ನಿಂತುಬಿಟ್ಟಿತು. ಒಳಗೆ ಹಡಗಿನ ಹಗ್ಗ ಎಳೆಯುತ್ತಿದ್ದ ಖಲಾಸಿಯ ಆಳೆತ್ತರದ ಗೊಂಬೆ. ಅವಳ ಗಂಡನದೇ ಹರಿದ ಕಿವಿ, ಅವನದೇ ಸೊಟ್ಟ ಮೂಗು. ಆದರೆ ಮೀಸೆ ನರೆತಿತ್ತು. ದೋಣಿ ಹತ್ತಿದಾಗ ಅವನಿಗೆ ಒಂದೂ ಬಿಳಿ ಕೂದಲಿರಲಿಲ್ಲ.

ಅಷ್ಟರಲ್ಲಿ ಮೇಲ್ವಿಚಾರಕಿ ಸೋನಾಲಿ ಬಂದಳು. ನಮ್ಮ ವಿಜಯಪುರದ ಕಡೆಯವರ ಮಗಳು, ಹುಟ್ಟಿ ಬೆಳೆದದ್ದೆಲ್ಲ ಮುಂಬಯಿಯಲ್ಲೇ.

"ಮಸ್ತ್ ಅದ ಅಲ್ಲಾ ಮೌಶಿ? ರಿಯಲ್ ಆದ್ಮಿ ಅವ್ರು. ಹೋದ ವರ್ಷ ಇದೇ ಬಿಲ್ಡಿಂಗ್‌ದಾಗ ಗಾರೆ ಕೆಲ್ಸ ಮಾಡ್ತಿದ್ರು, ಆರ್ಟಿಸ್ಟ್ ಅವರದೇ ಚೆಹರಾ ತಗೊಂಡ್ರು. ಓಪನಿಂಗ್ ದಿನ ಬೀವಿ, ಬಚ್ಚೆ ಕರ್ಕೊಂಡು ಬಂದಿದ್ರು. ಬೋರ್ಡ್ ಮ್ಯಾಲೆ ನಾಮ್ ಹಾಕ್ಬೇಕು, ಆದ್ರ ಯಾರಿಗೂ ಗೊತ್ತಿಲ್ಲ. ಎಲ್ರೂ ಮಿಸ್ತ್ರಿ ಅಂತಿದ್ರು, ಬಸ್."

ಬದುಕಿದ್ದಾನೆ. ಇದೇ ಊರಿನಲ್ಲಿ, ಬೇರೆ ಹೆಂಡತಿ ಮಕ್ಕಳ ಜೊತೆ! ಇಷ್ಟು ವರ್ಷ ಇವಳ ಬೋಳು ಕೈ ನೋಡುತ್ತ ಬಂದವಳು ನಾನು. ಹಾಳಾದವನು, ಅವನ ಮನೆ ಮುರಿಯ! ಅಭ್ಯಾಸಬಲದಿಂದ ಹೆಸರು ಹೇಳಲು ಬಾಯಿ ತೆರೆದೆ. ಭಾಗವ್ವ ಒದ್ದೆ ಕೈಯಿಂದ ನನ್ನ ಬಾಯಿ ಮುಚ್ಚಿದಳು.

"ಶಿವಪುತ್ರ," ಎಂದಳು, ಗೊಂಬೆಯ ಮುಖದಿಂದ ಕಣ್ಣು ಕೀಳದೆ. "ಶಿವಪುತ್ರ. ದೊಡ್ಡ ಅಕ್ಷರದಾಗ ಬರಸವಾ. ಬಂದವ್ರೆಲ್ಲಾ ದಿನಾ ಓದಲಿ."