ಖಾನೆ ಅಕ್ಕ ಮತ್ತು ಮೂವತ್ತೆಂಟು ವರದಿಗಳು

ಆಸ್ಪತ್ರೆಯ ಸರ್ವರ್‌ಗಳನ್ನು ನೋಡಿಕೊಳ್ಳುವ ಆ ಹೆಂಗಸಿಗೆ ‘ಖಾನೆ ಅಕ್ಕ’ ಎಂದು ಹೆಸರಿಟ್ಟವನು ಅಲ್ಲಿಯ ಪ್ರೋಗ್ರಾಮರ್. ಇಟ್ಟದ್ದು ಕುಹಕಕ್ಕೇ. ಸರ್ವರ್ ತಾನು ಮಾಡಿದ್ದನ್ನೆಲ್ಲ ಲಾಗ್ ಎಂಬ ಕಡತದಲ್ಲಿ ಸಾಲು ಸಾಲಾಗಿ ಬರೆದಿಡುತ್ತದೆ. ಏನು ಬರೆಯಬೇಕೆಂದು ಅದಕ್ಕೆ ಹೇಳಿಕೊಡುವವನು ಪ್ರೋಗ್ರಾಮರ್. ಈ ಮಹಾಶಯ ಬರೆಸುತ್ತಿದ್ದದ್ದು ‘ಇಲ್ಲಿಗೆ ಬಂತು’, ‘ಇಲ್ಲಿಗೂ ಬಂತು’, ‘ಅಯ್ಯೋ, ಮತ್ತೆ ಕೆಟ್ಟಿತು’. ಎಲ್ಲಿಗೆ ಬಂತೋ, ಯಾರಿಂದ ಕೆಟ್ಟಿತೋ, ದೇವರಿಗೇ ಗೊತ್ತು. ಹನ್ನೊಂದು ವರ್ಷ ಇದನ್ನೇ ಓದಿ ಓದಿ ಅವಳಿಗೆ ತಲೆ ಚಿಟ್ಟು ಹಿಡಿದಿತ್ತು.

ಕೊನೆಗೆ ಹಟ ಹಿಡಿದಳು. ಪ್ರತಿ ಸಾಲಿನಲ್ಲೂ ಇಂತಿಂಥ ಖಾನೆಗಳು ಇರಲೇಬೇಕು: ಯಾವಾಗ, ಯಾರ ಹೆಸರಲ್ಲಿ, ಯಾವ ಕಂಪ್ಯೂಟರಿನಿಂದ, ಏನು ಮಾಡಿದ್ದು. ಮನೆಯಲ್ಲಿ ದಿನಾ ‘ನನ್ನ ಕನ್ನಡಕ ನೋಡಿದ್ರಾ?’ ಎಂದು ಗಂಡನ ಪ್ರಾಣ ತಿನ್ನುವವಳು ಇಲ್ಲಿ ಒಂದು ಖಾನೆ ಖಾಲಿ ಬಿದ್ದರೂ ಸುಮ್ಮನಿರುತ್ತಿರಲಿಲ್ಲ.

“ಹೆಸರಿದ್ರೆ ಸಾಲ್ದಾ ಅಕ್ಕಾ? ಯಾವ ಕಂಪ್ಯೂಟರ್ ಅನ್ನೋದು ಯಾರಿಗ್ ಬೇಕು?” ಎಂದು ಗೊಣಗುತ್ತಲೇ ಅವನು ಮಾಡಿಕೊಟ್ಟ.

ಎರಡು ತಿಂಗಳಾಗಿತ್ತು. ಅವಳು ಜ್ವರದಿಂದ ಮಲಗಿದ್ದಾಗ ಲ್ಯಾಬಿನ ಮೂವತ್ತೆಂಟು ರಕ್ತಪರೀಕ್ಷೆಯ ವರದಿಗಳು ಅಳಿಸಿಹೋದವು. ಬ್ಯಾಕಪ್‌ನಿಂದ ಅವು ವಾಪಸ್ಸು ಬಂದವು, ಸರಿ. ಆದರೆ ಪ್ರೋಗ್ರಾಮರ್ ಲಾಗಿನಲ್ಲಿ ಹೆಸರಿನ ಖಾನೆಯೊಂದನ್ನೇ ನೋಡಿ ಮೇಲಿನವರಿಗೆ ಹೇಳಿಬಿಟ್ಟ: ಅಳಿಸಿದ್ದು ಲ್ಯಾಬಿನ ಹಿರಿಯ ಟೆಕ್ನಿಷಿಯನ್. ನಿವೃತ್ತಿಗೆ ನಾಲ್ಕೇ ತಿಂಗಳಿದ್ದ ಆ ಹೆಂಗಸು ಎಷ್ಟು ಬೇಡಿಕೊಂಡರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರನೆಯ ದಿನ ಅವರನ್ನು ಕೆಲಸದಿಂದ ತೆಗೆಯುವ ಪತ್ರವೂ ತಯಾರಾಯಿತು, ಸಹಿಯೊಂದು ಬಾಕಿ.

ನಾಲ್ಕನೆಯ ದಿನ ಬೆಳಿಗ್ಗೆ ಕೆಲಸಕ್ಕೆ ಬಂದ ಖಾನೆ ಅಕ್ಕ ವಿಷಯ ಕೇಳಿದವಳೇ ಲಾಗಿನ ಆ ಸಾಲುಗಳನ್ನು ತೆರೆದು ನೋಡಿದಳು. ಹೆಸರು ಟೆಕ್ನಿಷಿಯನ್ನರದೇ. ಪಕ್ಕದ ಖಾನೆಗಳನ್ನೂ ನೋಡಿದಳು. ಮೂವತ್ತೆಂಟೂ ಅಳಿಸಿದ್ದು ಒಂದೇ ಸೆಕೆಂಡಿನಲ್ಲಿ, ಅದೂ ಲ್ಯಾಬಿನ ಕಂಪ್ಯೂಟರಿನಿಂದಲ್ಲ. ಬೀಗ ಹಾಕಿದ ಕೋಣೆಯಲ್ಲಿರುವ, ಯಾರೂ ಮುಂದೆ ಕೂರದ ಸರ್ವರಿನಿಂದಲೇ! ಹೋದ ಜೀವ ಬಂದಂತಾಗಿ ಪ್ರೋಗ್ರಾಮರನನ್ನು ಕರೆದಳು.

ಅವನು ಸಾಲು ಓದಿ ಹಣೆ ಚಚ್ಚಿಕೊಂಡ. “ಹಳೇ ವರದಿ ತಾನಾಗೇ ಅಳಿಸೋ ಪ್ರೋಗ್ರಾಂ ಅಕ್ಕಾ. ರಿಪೇರಿಗೆ ಅಂತ ಲ್ಯಾಬಿನ ಅಮ್ಮ ಒಂದ್ಸಲ ತಮ್ಮ ಪಾಸ್‌ವರ್ಡ್ ಕೊಟ್ಟಿದ್ರು, ಅದನ್ನೇ ಹಾಕಿ ಪರೀಕ್ಷೆ ಮಾಡಿದ್ದೆ. ಆಮೇಲೆ ಆ ಪ್ರೋಗ್ರಾಂ ತೆಗೆಯೋಕೆ ಮರೆತೇಬಿಟ್ಟೆ, ಅದು ಅವರ ಹೆಸರಲ್ಲೇ ಓಡಿದೆ.”

“ನನ್ನ ಹತ್ರ ಯಾಕೆ ಹೇಳ್ತೀಯ? ಸಾಹೇಬ್ರ ಹತ್ರ ನಡಿ.”

ಹೋದ. ಒಂದಕ್ಷರ ಮುಚ್ಚಿಡದೆ ಹೇಳಿದ, ಅಷ್ಟು ಮಾತ್ರ ಅವನ ದೊಡ್ಡತನ. ಪತ್ರ ಹರಿದು ಬುಟ್ಟಿ ಸೇರಿತು.

ಮಧ್ಯಾಹ್ನ ಟೆಕ್ನಿಷಿಯನ್ ಖಾನೆ ಅಕ್ಕನ ಕೋಣೆಗೆ ಬಂದು ಕುರ್ಚಿಯಲ್ಲಿ ಕುಸಿದು ಕೂತರು. ನಗುತ್ತಿದ್ದರು, ಕಣ್ಣಲ್ಲಿ ನೀರು.

“ಆ ಸಾಲನ್ನ ನನಗೊಂದು ಪ್ರಿಂಟ್ ತೆಗೆದುಕೊಡಮ್ಮ.”

“ಇನ್ಯಾಕಮ್ಮ? ಎಲ್ರಿಗೂ ಗೊತ್ತಾಯ್ತಲ್ಲ.”

“ಎಲ್ರಿಗಲ್ಲ, ನನಗೆ ಬೇಕು. ಮೂರು ದಿನ ಎಲ್ರೂ ಹೇಳಿ ಹೇಳಿ, ನಾನೇ ಅಳಿಸಿದ್ನೇನೋ ಅಂತ ನನಗೂ ಅನ್ನಿಸೋಕೆ ಶುರುವಾಗಿತ್ತು.”